ಘಾನಾದಲ್ಲಿ ಆರು ವಾರ: ಹೊರಡುವವರಿಗೆ ಒಂದಿಷ್ಟು ಮಾಹಿತಿ

ನೀರಿನ ಪಂಪುಗಳನ್ನು ಅಳವಡಿಸುವ ಕೆಲಸಕ್ಕಾಗಿ 2018ರ ಆರಂಭದಲ್ಲಿ ನಾನು ಆರು ವಾರ ಘಾನಾದಲ್ಲಿದ್ದೆ. ಎಡವಿದ್ದು ಹೊರಡುವ ಮೊದಲೇ. ಆ ದೇಶದೊಳಗೆ ಹೋಗಲು ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಕಡ್ಡಾಯವೆಂಬುದು ಗೊತ್ತಿತ್ತು. ಆದರೆ ಆ ಲಸಿಕೆ ಸರ್ಕಾರ ಗೊತ್ತುಪಡಿಸಿದ ಕೆಲವೇ ಕೇಂದ್ರಗಳಲ್ಲಿ ಸಿಗುತ್ತದೆ, ಹಾಕಿಸಿಕೊಂಡು ಹತ್ತು ದಿನ ಕಳೆದ ಮೇಲಷ್ಟೇ ಪ್ರಮಾಣಪತ್ರ ಊರ್ಜಿತವಾಗುತ್ತದೆ ಎಂಬುದು ತಿಳಿದಿರಲಿಲ್ಲ. ಲಸಿಕೆಯ ಎಂಟನೆಯ ದಿನಕ್ಕೇ ಟಿಕೆಟ್ ಕಾಯ್ದಿರಿಸಿದ್ದರಿಂದ ದಂಡ ತೆತ್ತು ಪ್ರಯಾಣವನ್ನು ಮುಂದೂಡಬೇಕಾಯಿತು. 2016ರಲ್ಲಿ ಬದಲಾದ ನಿಯಮದಂತೆ ಒಮ್ಮೆ ಪಡೆದ ಪ್ರಮಾಣಪತ್ರ ಜೀವನಪರ್ಯಂತ ನಡೆಯುತ್ತದೆ ಎಂಬುದಷ್ಟೇ ಸಮಾಧಾನ. ಮಲೇರಿಯಾ ಅಲ್ಲಿ ವರ್ಷವಿಡೀ ಇರುವುದರಿಂದ, ವೈದ್ಯರನ್ನು ಕೇಳಿ ಅದರ ಮಾತ್ರೆಗಳನ್ನೂ ಹೊರಡುವ ಮುನ್ನವೇ ಆರಂಭಿಸಿದೆ.

ರಾಜಧಾನಿ ಆಕ್ರಾದ ಸಮಯ ನಮಗಿಂತ ಐದೂವರೆ ಗಂಟೆ ಹಿಂದೆ. ಆಡಳಿತ ಭಾಷೆ ಇಂಗ್ಲಿಷ್ ಆದ್ದರಿಂದ ಕೆಲಸಕ್ಕೆ ತೊಡಕಾಗಲಿಲ್ಲ. ಬೀದಿಯಲ್ಲಿ ಹೆಚ್ಚಾಗಿ ಕೇಳುವುದು ಟ್ವಿ ಮತ್ತು ಗಾ ಭಾಷೆಗಳು. ನಾನು ಹೋದಾಗ ಹರ್ಮಟಾನ್ ಬೀಸುತ್ತಿತ್ತು. ಸಹಾರಾದಿಂದ ಬರುವ ಆ ಒಣಗಾಳಿಯ ಧೂಳಿಗೆ ಮಧ್ಯಾಹ್ನವೂ ಸೂರ್ಯ ಮಂಕಾಗಿರುತ್ತಿದ್ದ, ತುಟಿ ಬಿರಿಯುತ್ತಿತ್ತು.

ವಿದ್ಯುತ್ ನಮ್ಮಲ್ಲಿರುವಂತೆಯೇ 230 ವೋಲ್ಟ್. ಆದರೆ ನನ್ನ ಕೋಣೆಯ ಗೋಡೆಯಲ್ಲಿದ್ದದ್ದು ಬ್ರಿಟನ್ನಿನ ಚಪ್ಪಟೆ ಮೂರು ಪಿನ್ನಿನ ಸಾಕೆಟ್. ನನ್ನ ಚಾರ್ಜರಿನ ದುಂಡು ಪಿನ್ ಅದಕ್ಕೆ ಹೊಂದಲಿಲ್ಲ. ಅಡಾಪ್ಟರ್ ಹುಡುಕಿಕೊಂಡು ಮಕೋಲಾ ಮಾರುಕಟ್ಟೆಗೆ ಹೋದೆ. ಮಾರುತ್ತಿದ್ದ ಹಿರಿಯ ಹೆಂಗಸು ಬೆಲೆ ಒಂದು ಲಕ್ಷ ಎಂದಾಗ ನಾನು ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದೆ. ಪಕ್ಕದವರು ನಕ್ಕು ವಿವರಿಸಿದರು: 2007ರಲ್ಲಿ ಅಲ್ಲಿನ ಹಣವಾದ ಸೆಡಿಯನ್ನು ಬದಲಿಸಿ, ಹತ್ತು ಸಾವಿರ ಹಳೆಯ ಸೆಡಿಗಳನ್ನು ಒಂದು ಹೊಸ ಸೆಡಿಯಾಗಿ ಮಾಡಿದರೂ ವಯಸ್ಸಾದವರ ಬಾಯಲ್ಲಿ ಹಳೆಯ ಲೆಕ್ಕ ಉಳಿದಿದೆ. ನಾನು ಕೊಡಬೇಕಾದದ್ದು ಹತ್ತು ಸೆಡಿ. ಚೌಕಾಸಿ ಮಾಡುವಷ್ಟು ಧೈರ್ಯ ಆ ಹೊತ್ತಿಗೆ ಉಳಿದಿರಲಿಲ್ಲ.

ಓಡಾಟಕ್ಕೆ ಟ್ರೊಟ್ರೊ ಎಂಬ ಖಾಸಗಿ ಮಿನಿಬಸ್ಸುಗಳಿವೆ. ವೇಳಾಪಟ್ಟಿ ಇಲ್ಲ, ಸೀಟು ತುಂಬಿದ ಮೇಲೆ ಹೊರಡುತ್ತವೆ. ಬಾಗಿಲಲ್ಲಿ ನಿಂತು 'ಸರ್ಕ್, ಸರ್ಕ್' ಎಂದು ಕೂಗುವ ಕಂಡಕ್ಟರನನ್ನು ಅಲ್ಲಿ ಮೇಟ್ ಎನ್ನುತ್ತಾರೆ. ಅವನು ಕೂಗುವುದು ಕ್ವಾಮೆ ಎನ್‌ಕ್ರುಮಾ ಸರ್ಕಲ್ಲಿನ ಹೆಸರನ್ನು. 1957ರ ಮಾರ್ಚ್ 6ರಂದು ದೇಶ ಸ್ವತಂತ್ರವಾದಾಗ ಅದನ್ನು ಮುನ್ನಡೆಸಿದವರು ಎನ್‌ಕ್ರುಮಾ. ಕ್ವಾಮೆ ಎಂದರೆ ಶನಿವಾರ ಹುಟ್ಟಿದವನು. ಮೊದಲ ದಿನ ಬಲಗೈಯಲ್ಲಿ ಚೀಲವಿತ್ತೆಂದು ಎಡಗೈಯಿಂದ ನೋಟು ಚಾಚಿದೆ. ಮೇಟ್ ಅದನ್ನು ಮುಟ್ಟಲಿಲ್ಲ, ಬೈಯಲೂ ಇಲ್ಲ. ನನ್ನ ಬಲಗೈಯನ್ನೇ ನೋಡುತ್ತಾ ನಿಂತ. ಮನೆಯಲ್ಲಿ ಅಜ್ಜಿ ಕಲಿಸಿದ್ದನ್ನು ಮರೆತದ್ದಕ್ಕೆ ನಾಚಿ ಕೈ ಬದಲಿಸಿದೆ.

ಊಟದ ವಿಷಯದಲ್ಲಿ ನಾನು ಹೆದರಿದ್ದು ವ್ಯರ್ಥವಾಯಿತು. ಬೇಯಿಸಿದ ಮರಗೆಣಸನ್ನೂ ಬಾಳೆಕಾಯಿಯನ್ನೂ ಒನಕೆಯಿಂದ ಕುಟ್ಟಿ ಮಾಡಿದ ಫುಫು ಮುಂದೆ ಬಂದಾಗ ಜೊತೆಗಿದ್ದವರು, ಇದನ್ನು ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕು ಎಂದು ಕಲಿಸಲು ಹೊರಟರು. ರಾಗಿ ಮುದ್ದೆ ಉಂಡು ಬೆಳೆದವನಿಗೆ ಆ ಪಾಠ ಬೇಕಿರಲಿಲ್ಲ. ಸಸ್ಯಾಹಾರಿಗಳು ಮಾತ್ರ ಎಚ್ಚರದಿಂದಿರಬೇಕು: ಅನ್ನ ಮತ್ತು ಅಲಸಂದೆಯ ವಾಚೆ ನೋಡಲು ಸಸ್ಯಾಹಾರವೇ, ಆದರೆ ಅದರ ಮೇಲೆ ಸುರಿಯುವ ಸಾರಿನಲ್ಲಿ ಮೀನು ಇರುವುದುಂಟು.

ಹಿಂತಿರುಗುವಾಗ ಲಸಿಕೆಯ ಪ್ರಮಾಣಪತ್ರವಾದ ಹಳದಿ ಕಾರ್ಡನ್ನು ಸೂಟ್‌ಕೇಸಿನ ತಳಕ್ಕೆ ಹಾಕಲಿದ್ದೆ. ಹಿರಿಯ ಸಹೋದ್ಯೋಗಿಯೊಬ್ಬರು ತಡೆದರು. ಘಾನಾದಿಂದ ಬರುವವರು ಅದನ್ನು ಭಾರತದಲ್ಲೂ ತೋರಿಸಬೇಕು, ಇಲ್ಲದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಬೆಂಗಳೂರಿನಲ್ಲಿ ಪಾಸ್‌ಪೋರ್ಟಿಗಿಂತ ಮೊದಲು ಕೇಳಿದ್ದು ಆ ಕಾರ್ಡನ್ನೇ.