ಮರಳುಗಲ್ಲಿನ ವಯಸ್ಸು: ಜಿರ್ಕಾನ್ ಎಷ್ಟು ಹೇಳುತ್ತದೆ, ಎಷ್ಟು ಹೇಳುವುದಿಲ್ಲ

ಜಿರ್ಕಾನ್ ಯುರೇನಿಯಂ ಹಿಡಿದಿಟ್ಟುಕೊಳ್ಳುವ ಗಟ್ಟಿ ಖನಿಜ; ಆ ಯುರೇನಿಯಂ ಎಷ್ಟು ಸೀಸವಾಗಿದೆ ಎಂದು ಅಳೆದರೆ ಹರಳಿನ ವಯಸ್ಸು ಸಿಗುತ್ತದೆ. ಮರಳುಗಲ್ಲಿನ ಜಿರ್ಕಾನ್ ಹರಳು ಕೊಡುವ ವಯಸ್ಸು ಆ ಹರಳು ಹುಟ್ಟಿದ ಕಾಲದ್ದು, ಮರಳು ಪದರವಾಗಿ ಕೂತ ಕಾಲದ್ದಲ್ಲ. ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನಲ್ಲಿ ಸುಮಾರು 300 ಕೋಟಿ ವರ್ಷದ ಬಂಡೆಯೊಳಗೆ 440 ಕೋಟಿ ವರ್ಷದ ಹರಳು ಸಿಕ್ಕಿದೆ. ಹಾಗಾಗಿ ನಾನು ಹುಡುಕುವುದು ಅತಿ ಎಳೆಯ ಹರಳುಗಳನ್ನು. ಪದರ ಅವಕ್ಕಿಂತ ಹಳೆಯದಿರಲಾರದು.

ಮಧ್ಯಮ ಕಣದ, ಸವೆಯದ ಕಲ್ಲು 3ರಿಂದ 5 ಕೆಜಿ ಸಾಕು. ಪುಡಿ ಮಾಡುವ ಮೊದಲು ಯಂತ್ರದ ದವಡೆ ಬಿಚ್ಚಿ ಉಜ್ಜಿ, ಶುದ್ಧ ಬೆಣಚುಕಲ್ಲು ಹಾಕಿ ಓಡಿಸುತ್ತೇನೆ. ಹಿಂದಿನ ಮಾದರಿಯ ಒಂದೇ ಒಂದು ಹರಳು ಉಳಿದಿದ್ದರೂ ಅದೇ 'ಅತಿ ಎಳೆಯದು' ಆಗಿ ಕೂತುಬಿಡಬಹುದು. ಪುಡಿಯನ್ನು 300 ಮೈಕ್ರಾನ್ ಜರಡಿಯಲ್ಲಿ ಸೋಸಿ, ಕೆಸರು ತೊಳೆದು, ಒಣಗಿಸಿ, ಫ್ಯೂಮ್ ಹುಡ್ (ವಿಷದ ಆವಿ ಹೊರಗೆಳೆಯುವ ಗೂಡು) ಒಳಗೆ ಮೀಥೈಲೀನ್ ಅಯೊಡೈಡ್‌ಗೆ ಸುರಿಯುತ್ತೇನೆ. ಈ ಭಾರದ ದ್ರವದ ಸಾಂದ್ರತೆ 3.3, 2.65ರ ಬೆಣಚು ತೇಲುತ್ತದೆ, 4.6ರ ಜಿರ್ಕಾನ್ ತಳ ಸೇರುತ್ತದೆ. ಆಮೇಲೆ ಅಯಸ್ಕಾಂತಕ್ಕೆ ಅಂಟುವ ಇತರ ಖನಿಜಗಳನ್ನು ತೆಗೆಯುವ ಹಂತದಲ್ಲಿ ಅತಿಯಾಸೆ ಬೇಡ: ಯುರೇನಿಯಂ ಹೆಚ್ಚಿರುವ ಹರಳುಗಳು ಅಯಸ್ಕಾಂತದ ಪಾಲಾಗಿ, ಒಂದು ವಯಸ್ಸಿನ ಗುಂಪೇ ಕಾಣೆಯಾಗಬಹುದು. ದೊಡ್ಡದು, ಹೊಳೆಯುವುದು ಎಂದು ಆರಿಸುವುದೂ ಅದೇ ತಪ್ಪು. ಒಟ್ಟಾರೆ ಸುರಿದು ಎಪಾಕ್ಸಿ ಅಂಟಿನಲ್ಲಿ ಕೂರಿಸಿ, ಹರಳಿನ ಅರ್ಧ ಕಾಣುವಷ್ಟು ತಿಕ್ಕುತ್ತೇನೆ.

ಕ್ಯಾಥೋಡೋಲ್ಯುಮಿನೆಸೆನ್ಸ್ ಚಿತ್ರ (ಎಲೆಕ್ಟ್ರಾನ್ ಬಡಿದಾಗ ಹರಳು ಹೊಳೆದು ಒಳಪದರ ತೋರಿಸುವ ಚಿತ್ರ) ತೆಗೆಯದೆ, ಅಳತೆಗಾಗಿ ಹರಳನ್ನು ಕೊರೆಯುವ ಲೇಸರ್ ಮುಟ್ಟುವುದಿಲ್ಲ. ಲೇಸರ್ ಕೊರೆದ 30 ಮೈಕ್ರಾನ್ ಗುಂಡಿ ಹರಳಿನ ಹಳೆಯ ತಿರುಳು, ನಂತರ ಬೆಳೆದ ಅಂಚು ಎರಡಕ್ಕೂ ತಾಗಿದರೆ ಬರುವುದು ಎರಡರ ಬೆರಕೆ, ಯಾವುದರ ವಯಸ್ಸೂ ಅಲ್ಲ. ಪ್ರತಿ 8–10 ಗುಂಡಿಗೊಮ್ಮೆ 106.5 ಕೋಟಿ ವರ್ಷದ '91500' ಎಂಬ ಮಾನಕ ಜಿರ್ಕಾನ್ (ವಯಸ್ಸು ಮೊದಲೇ ಗೊತ್ತಿರುವ ಹರಳು), ನಡುವೆ 33.7 ಕೋಟಿ ವರ್ಷದ ಪ್ಲೆಶೊವಿಟ್ಸೆ ಎಂಬ ಇನ್ನೊಂದು ಮಾನಕವನ್ನು ಅಪರಿಚಿತ ಮಾದರಿಯಂತೆ ಅಳೆಯುತ್ತೇನೆ. ಅದರ ವಯಸ್ಸು ಶೇ. 2ರ ವ್ಯತ್ಯಾಸದೊಳಗೆ ಬರದಿದ್ದರೆ ಆ ದಿನದ ಅಳತೆ ಲೆಕ್ಕಕ್ಕಿಲ್ಲ. ಕನಿಷ್ಠ 117 ಹರಳು ಬೇಕು, ಶೇ. 5ರಷ್ಟಿರುವ ಗುಂಪು ಯಾವುದೂ ತಪ್ಪಿಹೋಗಿಲ್ಲ ಎಂದು ಶೇ. 95 ಭರವಸೆ ಸಿಗುವುದು ಆಗಲೇ.

ಕಷ್ಟ ಕೊಡುವುದು ಸೀಸದ ಸೋರಿಕೆ. ಸೀಸ ಹೊರಹೋದರೆ ಹರಳು ನಿಜಕ್ಕಿಂತ ಎಳೆಯದಾಗಿ ಕಾಣುತ್ತದೆ. ಹಳೆಯ ಹರಳಿನಲ್ಲಿ ಯುರೇನಿಯಂ-238, ಯುರೇನಿಯಂ-235 ಎಂಬ ಎರಡು ಗಡಿಯಾರಗಳು ಬೇರೆ ಬೇರೆ ವಯಸ್ಸು ತೋರಿಸಿ ಅದನ್ನು ಬಯಲು ಮಾಡುತ್ತವೆ. ಎಳೆಯ ಹರಳಿನಲ್ಲಿ ಸೋರಿಕೆಯ ಗೆರೆ ಕಾಂಕಾರ್ಡಿಯಾ ಗೆರೆಯ (ಎರಡೂ ಗಡಿಯಾರಗಳು ಒಂದೇ ವಯಸ್ಸು ಹೇಳುವ ಗೆರೆ) ಜೊತೆಗೇ ಸಾಗುವುದರಿಂದ ಏನೂ ಕಾಣುವುದಿಲ್ಲ. ಒಂಟಿ ಹರಳನ್ನು ನಂಬಲಾರೆ. ದೋಷಮಿತಿಯೊಳಗೆ ಹೊಂದುವ ಮೂರಾದರೂ ಬೇಕು.

ಇಷ್ಟಾದರೂ ಸಿಕ್ಕಿದ್ದು ಒಂದು ಬದಿಯ ಗಡಿ ಮಾತ್ರ: ಪದರ ಇದಕ್ಕಿಂತ ಹಳೆಯದಲ್ಲ. ಎಷ್ಟಕ್ಕಿಂತ ಎಳೆಯದಲ್ಲ ಎಂಬ ಇನ್ನೊಂದು ಗಡಿಗೆ ಮೇಲಿನ ಜ್ವಾಲಾಮುಖಿ ಬೂದಿಯ ಪದರವೋ, ಕಲ್ಲನ್ನು ಸೀಳಿ ನುಗ್ಗಿ ಗಟ್ಟಿಯಾದ ಶಿಲಾರಸದ ಗೋಡೆಯೋ (ಡೈಕ್) ಬೇಕು. ಎರಡೂ ಇಲ್ಲದಿದ್ದರೆ, ಮರಳು ಕಲ್ಲಾಗುವಾಗ ಜಿರ್ಕಾನ್ ಮೇಲೆ ಬೆಳೆದ ಕ್ಸೆನೊಟೈಮ್ ಎಂಬ ಖನಿಜದ ಹೊದಿಕೆಯನ್ನು ಹುಡುಕುತ್ತೇನೆ. ಅದು ಕೆಲವೇ ಮೈಕ್ರಾನ್ ದಪ್ಪ, ಪುಡಿ ಮಾಡಿದರೆ ಉದುರಿಹೋಗುತ್ತದೆ; ಕಲ್ಲಿನಿಂದ ಕತ್ತರಿಸಿದ ತೆಳು ಪಟ್ಟಿಯಲ್ಲೇ ಗುರುತಿಸಿ ಅಯಾನ್ ಕಿರಣದಿಂದ ಸೂಕ್ಷ್ಮ ಜಾಗ ಅಳೆಯುವ ಅಯಾನ್ ಮೈಕ್ರೋಪ್ರೋಬ್‌ನಿಂದ ಅಳೆಯಬೇಕು.