ಕೆರೆಯಲ್ಲಿ ಜೀವ ಎಷ್ಟಿದೆ ಎಂದು ನೋಡುವ ಬಗೆ: ಕೋಲಾರ ಸೀಮೆಯ ಅನುಭವ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ವರ್ಷಪೂರ್ತಿ ಹರಿಯುವ ಹೊಳೆ ಇಲ್ಲ. ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ನಂದಿಬೆಟ್ಟದ ಸಾಲು ಮತ್ತು ಅದರ ಆಸುಪಾಸಿನಲ್ಲೇ ಹುಟ್ಟಿದರೂ ನಮ್ಮಲ್ಲಿ ಅವು ಮಳೆ ಬಂದಾಗ ಮಾತ್ರ ಕಾಣುವ ಹಳ್ಳಗಳು. ಹಾಗಾಗಿ ಇಲ್ಲಿ ಸಿಹಿನೀರಿನ ಜೀವಲೋಕವನ್ನು ನೋಡಬೇಕೆಂದರೆ ಕೆರೆ, ಕುಂಟೆ, ಗೋಕಟ್ಟೆಗಳ ಹತ್ತಿರವೇ ಹೋಗಬೇಕು. ವರ್ಷದ ಮಳೆ 700 ಮಿಲಿಮೀಟರ್ ಆಸುಪಾಸು, ಅದರಲ್ಲೂ ಹೆಚ್ಚಿನ ಪಾಲು ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ಬೇಸಿಗೆಗೆ ಕೆರೆಯಂಗಳ ಬಿರುಕು ಬಿಡುತ್ತದೆ. ತುಂಬುವುದು, ಒಣಗುವುದು ಎರಡಕ್ಕೂ ಹೊಂದಿಕೊಂಡ ಜೀವಿಗಳೇ ಇಲ್ಲಿನ ಮೂಲ ನಿವಾಸಿಗಳು. ಕೆರೆ ತುಂಬಿದೆ ಎಂದಮಾತ್ರಕ್ಕೆ ಅದು ಬದುಕಿದೆ ಎಂದು ನಾನು ಬರೆದುಕೊಳ್ಳುವುದಿಲ್ಲ. ಒಣಗಿದೆ ಎಂದಮಾತ್ರಕ್ಕೆ ಸತ್ತಿದೆ ಎಂದೂ ಅಲ್ಲ.

ಅದಕ್ಕೇ ನನ್ನ ಕೆಲಸ ಏಪ್ರಿಲ್–ಮೇ ತಿಂಗಳಲ್ಲಿ, ಒಣ ಕೆರೆಯ ಮಣ್ಣಿನಿಂದ ಶುರುವಾಗುತ್ತದೆ. ತೂಬಿನ ಹತ್ತಿರದ ಆಳ, ನಡು ಅಂಗಳ, ಅಂಚು, ಈ ಕಡೆಗಳಿಂದ ಮೇಲಿನ 2–3 ಸೆಂಟಿಮೀಟರ್ ಮಣ್ಣನ್ನು ಮಾತ್ರ ಕರಣೆಯಿಂದ ಕೆರೆದು, ಬಟ್ಟೆ ಚೀಲದಲ್ಲಿ ತುಂಬುತ್ತೇನೆ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಬೆವರಿ ಬೂಷ್ಟು ಹಿಡಿಯುತ್ತದೆ. ನೀರು ಹಿಂದೆ ಸರಿದ ಗೆರೆಯಲ್ಲಿ ಕೆಲವೊಮ್ಮೆ ಕರಿ ಮರಳು ಚೆಲ್ಲಿದಂತೆ ಸಣ್ಣ ಕಪ್ಪು ಪಟ್ಟಿ ಕಾಣುತ್ತದೆ. ಹತ್ತು ಪಟ್ಟು ಹಿಗ್ಗಿಸುವ ಕೈಮಸೂರ ಹಿಡಿದರೆ ಮರಳಲ್ಲ, ಒಂದು ಮಿಲಿಮೀಟರಿಗೂ ಚಿಕ್ಕದಾದ, ಕುದುರೆ ಜೀನಿನ ಆಕಾರದ ಕೋಶಗಳು. ಡಾಫ್ನಿಯಾ, ಅಂದರೆ ನೀರು ಚಿಗಟ, ಕಷ್ಟಕಾಲ ಬಂತೆಂದು ಗೊತ್ತಾದಾಗ ಇಡುವ ಮೊಟ್ಟೆಗಳ ಕವಚ ಅದು. ಒಂದೊಂದರಲ್ಲಿ ಎರಡೆರಡು ಮೊಟ್ಟೆ. ಒಣಗಿ, ಬಿಸಿಲಲ್ಲಿ ಬೆಂದು, ಗಾಳಿಯಲ್ಲಿ ಹಾರಿ, ದನದ ಗೊರಸಿಗೆ ಅಂಟಿಕೊಂಡು ಇನ್ನೊಂದು ಕುಂಟೆ ಸೇರಿದರೂ ಅದು ಒಡೆಯುತ್ತದೆ.

ಈ ಮಣ್ಣಿಗೆ ಜೀವ ಬರಿಸುವುದು ಸುಲಭ. ಅಗಲವಾದ ಬಿಳಿ ಟಬ್ಬಿಗೆ 200 ಗ್ರಾಂ ಮಣ್ಣು ಹರಡಿ, 2 ಲೀಟರ್ ಮಳೆನೀರು ನಿಧಾನವಾಗಿ ಹುಯ್ಯಿರಿ. ಬೋರ್‌ವೆಲ್ ನೀರು ಬೇಡ: ನಮ್ಮ ಕೊಳವೆಬಾವಿಗಳ ನೀರಲ್ಲಿ ಲವಣ ಹೆಚ್ಚು, ಈ ಮೊಟ್ಟೆಗಳಿಗೋ ಲವಣ ಕಡಿಮೆ ಇರುವ ಹೊಸ ಮಳೆನೀರೇ ಎಚ್ಚರಿಕೆಯ ಗಂಟೆ. ಕ್ಲೋರಿನ್ ಹಾಕಿದ ನಲ್ಲಿ ನೀರೂ ಆಗದು. ಮಳೆನೀರು ಇಲ್ಲದಿದ್ದರೆ ಆರ್‌ಒ ನೀರು ನಡೆಯುತ್ತದೆ. ನೀರಿನ ಆಳ ಒಂದು ಗೇಣಿಗಿಂತ ಕಡಿಮೆ ಇರಲಿ, ಬೆಳಕು ಚೆನ್ನಾಗಿ ಬೀಳಲಿ, ನಡುಹಗಲಿನ ನೇರ ಬಿಸಿಲು ಮಾತ್ರ ಬೇಡ. ಕಲಕಬೇಡಿ. ಎರಡು ಮೂರು ದಿನಕ್ಕೆ, ಟಾರ್ಚನ್ನು ಟಬ್ಬಿನ ಪಕ್ಕಕ್ಕೆ ಹಿಡಿದರೆ ಬೆಳಕಿನ ಕಡೆಗೆ ಧಾವಿಸುವ ಚುಕ್ಕೆಗಳು ಕಾಣುತ್ತವೆ. ವಾರದೊಳಗೆ ಕುಪ್ಪಳಿಸಿ ಕುಪ್ಪಳಿಸಿ ಈಜುವ ಡಾಫ್ನಿಯಾ, ಆಮೇಲೆ ಕಾಳಿನಂಥ ಚಿಪ್ಪಿನೊಳಗೆ ಓಡಾಡುವ ಆಸ್ಟ್ರಕಾಡ್. ಕುಂಟೆ, ಬಂಡೆಗುಂಡಿಗಳ ಮಣ್ಣಾದರೆ ಅದೃಷ್ಟವಿದ್ದಾಗ ಫೇರಿ ಶ್ರಿಂಪ್ ಕೂಡ ಹುಟ್ಟುತ್ತದೆ. ಬೆನ್ನು ಕೆಳಗೆ, ಹೊಟ್ಟೆ ಮೇಲೆ ಮಾಡಿ, ಹನ್ನೊಂದು ಜೊತೆ ಕಾಲುಗಳನ್ನು ಅಲೆಯಂತೆ ಆಡಿಸುತ್ತಾ ಈಜುವ ಪ್ರಾಣಿ ಅದು. ಮೀನು ಕಾಲಿಟ್ಟ ಕಡೆ ಉಳಿಯುವುದಿಲ್ಲ, ಒಣಗುವ ನೀರೇ ಅದಕ್ಕೆ ರಕ್ಷೆ. ಟಬ್ಬು ನಾರತೊಡಗಿದರೆ ಮಣ್ಣಿನಲ್ಲಿ ಸಗಣಿ, ಎಲೆ ಕೊಳೆತು ಆಮ್ಲಜನಕ ಖಾಲಿಯಾಗಿದೆ ಎಂದರ್ಥ. ಮಣ್ಣನ್ನು 50 ಗ್ರಾಮಿಗೆ ಇಳಿಸಿ ಮತ್ತೆ ಹೂಡಬೇಕು.

ಮೊಟ್ಟೆಗಳ ಈ ಉಗ್ರಾಣದಲ್ಲಿ ಒಡೆಯುವ ಪಾಲು ಬಹುತೇಕ ಮೇಲಿನ ಕೆಲವೇ ಸೆಂಟಿಮೀಟರಿನಲ್ಲಿರುತ್ತದೆ. ಹೂಳೆತ್ತುವ ಮಾತು ಬಂದಾಗ ಇದನ್ನು ನೆನಪಿಡಬೇಕು.

ನೀರು ಬಂದ ಮೇಲೆ ಕೆಲಸ ಅಂಚಿನಲ್ಲಿ. ಇಳಿಯುವ ಮೊದಲು ಒಂದು ಮಾತು: ನಮ್ಮ ಕೆರೆಗಳ ಅಂಗಳದಲ್ಲಿ ಮರಳಿಗೆ, ಇಟ್ಟಿಗೆ ಮಣ್ಣಿಗೆ ತೋಡಿದ ಗುಂಡಿಗಳು ನೀರಿನಡಿ ಕಾಣುವುದಿಲ್ಲ. ಮೊಣಕಾಲಿಗಿಂತ ಆಳಕ್ಕೆ ಹೋಗುವುದೇ ಬೇಡ. ಮುಂದೆ ಬಿದಿರು ಗಳುವಿನಿಂದ ನೆಲ ಕುಟ್ಟಿ ನೋಡುತ್ತಾ ಹೆಜ್ಜೆ ಇಡಿ, ದಡದಲ್ಲಿ ಇನ್ನೊಬ್ಬರು ಹಗ್ಗ ಹಿಡಿದಿರಲಿ. ಕೆರೆಯ ಮೀನು ಹಿಡಿಯುವ ಹಕ್ಕು ಸಾಮಾನ್ಯವಾಗಿ ಹರಾಜಾಗಿರುತ್ತದೆ, ಗುತ್ತಿಗೆದಾರರಿಗೂ ಪಂಚಾಯಿತಿಗೂ ಮೊದಲೇ ತಿಳಿಸಿದರೆ ತಕರಾರು ಇರುವುದಿಲ್ಲ.

ಬಲೆಯನ್ನು ನಾನೇ ಮಾಡಿಕೊಳ್ಳುತ್ತೇನೆ. 6 ಮಿಲಿಮೀಟರ್ ಕಬ್ಬಿಣದ ಸರಳನ್ನು ಇಂಗ್ಲಿಷಿನ ಡಿ ಅಕ್ಷರದಂತೆ ಬಗ್ಗಿಸಿ, ನೇರವಾದ ಬದಿ 30 ಸೆಂಟಿಮೀಟರ್ ಬರುವಂತೆ ಮಾಡಿ, ಒಂದೂವರೆ ಮೀಟರ್ ಬಿದಿರಿಗೆ ಕಟ್ಟಬೇಕು. ಚೀಲಕ್ಕೆ 500 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರ್ ಕಣ್ಣಿನ ನೈಲಾನ್ ಜಾಲರಿ. ಸೊಳ್ಳೆಪರದೆಯ ಕಣ್ಣು ಒಂದು ಮಿಲಿಮೀಟರಿಗಿಂತ ದೊಡ್ಡದು, ಮರಿ ಹುಳುಗಳೆಲ್ಲ ನುಸುಳಿಹೋಗುತ್ತವೆ. ಇನ್ನೂ ಸಣ್ಣ ಕಣ್ಣಿನದಾದರೆ ನಮ್ಮ ಕೆಮ್ಮಣ್ಣಿನ ಜೇಡಿ ಕಟ್ಟಿಕೊಂಡು ನೀರೇ ಸೋಸುವುದಿಲ್ಲ. ಒಟ್ಟು ಮೂರು ನಿಮಿಷ ಬಲೆ ಆಡಿಸುತ್ತೇನೆ, ಆದರೆ ಒಂದೇ ಕಡೆಯಲ್ಲ: ಮುಳುಗಿದ ಹೈಡ್ರಿಲ್ಲಾ ಪೊದೆ, ಆಪಿನ ಬುಡ, ಏರಿಯ ಕಲ್ಲುಕಟ್ಟಣೆ, ಬರಿ ಕೆಸರು, ಪ್ರತಿಯೊಂದಕ್ಕೂ ಸಮಯದ ಪಾಲು. ಒಮ್ಮೆ ಮುಂದಕ್ಕೆ ಎಳೆದ ದಾರಿಯಲ್ಲೇ ತಕ್ಷಣ ಹಿಂದಕ್ಕೆ ಎಳೆದರೆ ಎದ್ದ ಜೀವಿಗಳು ಸಿಗುತ್ತವೆ. ಮೇಲೆತ್ತುವ ಮೊದಲು ಚೀಲವನ್ನು ನೀರಲ್ಲೇ ಅಲುಗಿಸಿ ಹೂಳು ತೊಳೆದು, 2 ಸೆಂಟಿಮೀಟರ್ ನೀರಿರುವ ಬಿಳಿ ತಟ್ಟೆಗೆ ಮಗುಚಬೇಕು. ಆಮೇಲೆ ಸುಮ್ಮನೆ ಎರಡು ನಿಮಿಷ ಕಾಯಬೇಕು. ಕಸ ಎಂದುಕೊಂಡದ್ದು ನಡೆಯತೊಡಗುತ್ತದೆ.

ಮೊದಲು ಬೇಟೆಗಾರರನ್ನು ಬೇರೆ ಬಟ್ಟಲಿಗೆ ಹಾಕಿ, ಇಲ್ಲದಿದ್ದರೆ ಎಣಿಸುವಷ್ಟರಲ್ಲಿ ತಟ್ಟೆ ಅರ್ಧ ಖಾಲಿ. ಏರೋಪ್ಲೇನ್ ಚಿಟ್ಟೆಯ ಮರಿ ಗುಂಡಗೆ, ಬಾಲವಿಲ್ಲದೆ ಇರುತ್ತದೆ, ಹಿಂಬದಿಯಿಂದ ನೀರು ಚಿಮ್ಮಿಸಿ ಮುಂದಕ್ಕೆ ಜಿಗಿಯುತ್ತದೆ. ಮಡಚಿಟ್ಟ ಕೆಳದುಟಿಯನ್ನು ಚಾಚಿ ಬೇಟೆ ಹಿಡಿಯುವುದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಅದರ ಸೋದರ ಡ್ಯಾಮ್ಸೆಲ್ ಫ್ಲೈ ಮರಿಗೆ ತುದಿಯಲ್ಲಿ ಮೂರು ಎಲೆಯಂಥ ಕಿವಿರು. ಮೇಫ್ಲೈ ಮರಿಗೆ ಸಾಮಾನ್ಯವಾಗಿ ಮೂರು ಕೂದಲಿನಂಥ ಬಾಲ, ಹೊಟ್ಟೆಯ ಎರಡೂ ಬದಿಗೆ ಬೀಸಣಿಗೆಯಂತೆ ಅಲುಗುವ ಕಿವಿರು. ಈ ಅಲುಗಾಟವನ್ನು ಗಮನಿಸಿ: ತಟ್ಟೆಯ ನೀರು ಬಿಸಿಯಾಗಿ ಆಮ್ಲಜನಕ ಇಳಿದಂತೆ ಅದು ಜೋರಾಗುತ್ತದೆ, ನೆರಳಿಗೆ ಸರಿಸಿ. ಬೆನ್ನಡಿಯಾಗಿ ಈಜುವ ತಿಗಣೆಯನ್ನು ಬರಿಗೈಯಲ್ಲಿ ಹಿಡಿಯಬೇಡಿ, ಚುಚ್ಚುತ್ತದೆ. ಕೆಂಪು ದಾರದಂಥ ಹುಳುಗಳು ಕೈರೊನೊಮಿಡ್ ನೊಣದ ಮರಿಗಳು. ಅವುಗಳ ಮೈಯಲ್ಲಿ ಹಿಮೋಗ್ಲೋಬಿನ್ ಇರುವುದರಿಂದ ಉಸಿರು ಕಟ್ಟುವ ಕೆಸರಲ್ಲೂ ಬದುಕುತ್ತವೆ. ಅವು ಇದ್ದರೆ ಕೆರೆ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ, ಒಳ್ಳೆಯ ಕೆರೆಯಲ್ಲೂ ಇರುತ್ತವೆ. ಅವು *ಮಾತ್ರ* ಇದ್ದರೆ ಕೆಟ್ಟಿದೆ.

ಸಿಕ್ಕ ಹುಳುಗಳಿಂದ ನೀರಿನ ಗುಣ ಅಳೆಯಲು ಬ್ರಿಟನ್ನಿನಲ್ಲಿ ರೂಪುಗೊಂಡ ಬಿಎಂಡಬ್ಲ್ಯುಪಿ ಪದ್ಧತಿಯಲ್ಲಿ ಪ್ರತಿ ಜೀವಿ ಕುಟುಂಬಕ್ಕೂ 1ರಿಂದ 10ರವರೆಗೆ ಅಂಕವಿದೆ: ಎರೆಜಾತಿಯ ಹುಳುಗಳಿಗೆ 1, ಕೈರೊನೊಮಿಡ್‌ಗೆ 2. ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜೈವಿಕ ಮಾನದಂಡವೂ ಇದನ್ನು ಆಧರಿಸಿದೆ. ಆದರೆ ಅದು ಹರಿಯುವ ನೀರಿಗೆಂದು ಮಾಡಿದ ಅಳತೆ. ನಿಂತ ಕೆರೆಗೆ ಹಚ್ಚಿದರೆ ಒಳ್ಳೆಯ ಕೆರೆಯೂ ನಪಾಸಾಗುತ್ತದೆ. ಒಂದೇ ಕೆರೆಯನ್ನು ಅದರ ಹಿಂದಿನ ವರ್ಷದೊಂದಿಗೆ ಹೋಲಿಸಲು ಮಾತ್ರ ನಾನು ಬಳಸುತ್ತೇನೆ.

ಬಸವನಹುಳುಗಳನ್ನು ಬೇರೆಯಾಗಿ ಬರೆದುಕೊಳ್ಳಿ. ಬಾಯಿಗೆ ಮುಚ್ಚಳವಿರುವ ದೊಡ್ಡ ಪೈಲಾ ಬೇಸಿಗೆಯಲ್ಲಿ ಮುಚ್ಚಳ ಹಾಕಿಕೊಂಡು ಕೆಸರಲ್ಲಿ ಮಲಗುತ್ತದೆ. ಮುಚ್ಚಳವಿಲ್ಲದ, ತೆಳು ಚಿಪ್ಪಿನ ಲಿಮ್ನಿಯಾ ದನ, ಎಮ್ಮೆಗಳ ಲಿವರ್ ಫ್ಲೂಕ್ ರೋಗದ ನಡುವಣ ಆಶ್ರಯದಾತ, ಅಂದರೆ ರೋಗದ ಹುಳು ದನಕ್ಕೆ ಸೇರುವ ಮೊದಲು ಇದರೊಳಗೆ ಬೆಳೆಯುತ್ತದೆ. ಅದು ಹೆಚ್ಚಿರುವ ಅಂಚಿನ ಹಸಿಹುಲ್ಲು ಮೇಯಿಸುವವರಿಗೆ ಇದನ್ನು ಹೇಳಲೇಬೇಕು.

ಈಗ ನೀರಿನ ಬಣ್ಣ. 20 ಸೆಂಟಿಮೀಟರ್ ಅಗಲದ ತಗಡನ್ನು ನಾಲ್ಕು ಭಾಗ ಮಾಡಿ ಕಪ್ಪು–ಬಿಳಿ ಬಳಿದು, ಕೆಳಗೆ ತೂಕ ಕಟ್ಟಿ, ಗುರುತು ಹಾಕಿದ ಹಗ್ಗದಲ್ಲಿ ಇಳಿಬಿಟ್ಟರೆ ಸೆಕ್ಕಿ ಡಿಸ್ಕ್ ಆಯಿತು. ಬೆಳಿಗ್ಗೆ 10ರಿಂದ 2ರೊಳಗೆ, ನೆರಳಿನ ಬದಿಯಲ್ಲಿ ಇಳಿಸಿ, ಮರೆಯಾದ ಆಳ ಮತ್ತು ಎತ್ತುವಾಗ ಮತ್ತೆ ಕಂಡ ಆಳ, ಎರಡರ ಸರಾಸರಿ ಬರೆದುಕೊಳ್ಳಿ. ಗಿಡ, ಪಾಚಿಗೆ ಸಾಕಾಗುವಷ್ಟು ಬೆಳಕು ಹೆಚ್ಚುಕಡಿಮೆ ಅದರ ಎರಡರಿಂದ ಎರಡೂವರೆ ಪಟ್ಟು ಆಳದವರೆಗೆ ಇರುತ್ತದೆ. ಡಿಸ್ಕ್ 20 ಸೆಂಟಿಮೀಟರಿಗೇ ಮರೆಯಾದರೆ ಕಾರಣ ಮಣ್ಣೋ ಪಾಚಿಯೋ ಗೊತ್ತಾಗಬೇಕು. ಗಾಜಿನ ಬಾಟಲಿಯಲ್ಲಿ ತುಂಬಿ ಒಂದು ರಾತ್ರಿ ಅಲ್ಲಾಡಿಸದೆ ಇಡಿ. ಮಣ್ಣಾದರೆ ತಳಕ್ಕೆ ಕೆಂಪು ಪದರ ಇಳಿಯತೊಡಗುತ್ತದೆ. ಮೈಕ್ರೊಸಿಸ್ಟಿಸ್ ಎಂಬ ನೀಲಿಹಸಿರು ಪಾಚಿಯಾದರೆ ಮೇಲಕ್ಕೇರಿ ಕತ್ತಿನಲ್ಲಿ ಹಸಿರು ಬಣ್ಣದ ಕೆನೆ ಕಟ್ಟುತ್ತದೆ, ಅದರ ಜೀವಕೋಶಗಳಲ್ಲಿ ಗಾಳಿ ತುಂಬಿದ ಕೋಶಿಕೆಗಳಿವೆ. ಇದು ವಿಷ ಉತ್ಪಾದಿಸಬಲ್ಲ ಪಾಚಿ, ಅಂಥ ನೀರನ್ನು ದನಗಳಿಗೆ ಕುಡಿಸಬಾರದು.

ಹಸಿರು ನೀರಿನ ನಿಜವಾದ ಪರೀಕ್ಷೆ ನಸುಕಿನಲ್ಲಿ. ಹಗಲು ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ಎಲ್ಲರೊಂದಿಗೆ ತಾನೂ ಉಸಿರಾಡುತ್ತದೆ. ಮಧ್ಯಾಹ್ನ ಮೂರಕ್ಕೆ ಲೀಟರಿಗೆ 12 ಮಿಲಿಗ್ರಾಂ ತೋರಿಸಿದ ಕೆರೆ ಬೆಳಗಿನ ಐದಕ್ಕೆ 2ಕ್ಕೆ ಇಳಿದಿರಬಹುದು. ಹಗಲಲ್ಲಿ ಮಾತ್ರ ಅಳೆದ ವರದಿಗಳನ್ನು ನಾನು ನಂಬುವುದಿಲ್ಲ. ನಮ್ಮ ಸೀಮೆ ಸಮುದ್ರಮಟ್ಟದಿಂದ 800–900 ಮೀಟರ್ ಎತ್ತರ. 25 ಡಿಗ್ರಿ ನೀರು ಸಮುದ್ರಮಟ್ಟದಲ್ಲಿ 8.3 ಮಿಲಿಗ್ರಾಂ ಹಿಡಿದಿಟ್ಟರೆ ಇಲ್ಲಿ ಸುಮಾರು 7.5 ಅಷ್ಟೇ. ಆಮ್ಲಜನಕ ಅಳೆಯುವ ಮೀಟರನ್ನು ಈ ಎತ್ತರಕ್ಕೆ ಸರಿಹೊಂದಿಸದಿದ್ದರೆ ಓದು ತಪ್ಪುತ್ತದೆ.

ಮೀಟರ್ ಇಲ್ಲದವರಿಗೆ ವಿಂಕ್ಲರ್ ವಿಧಾನವಿದೆ. 300 ಮಿಲಿಲೀಟರ್ ಬಾಟಲಿಯನ್ನು ಗುಳ್ಳೆ ಬರದಂತೆ ನೀರೊಳಗೇ ತುಂಬಿ, 2 ಮಿಲಿಲೀಟರ್ ಮ್ಯಾಂಗನೀಸ್ ಸಲ್ಫೇಟ್, 2 ಮಿಲಿಲೀಟರ್ ಆಲ್ಕಲಿ–ಅಯೋಡೈಡ್–ಅಝೈಡ್ ಹಾಕಿ ಮುಚ್ಚಿ ತಿರುಗಿಸಬೇಕು. ಕಂದು ಗಸಿ ಬಂದರೆ ಆಮ್ಲಜನಕವಿದೆ, ಬರಿ ಬಿಳಿಯಾದರೆ ಇಲ್ಲವೇ ಇಲ್ಲ. ಇಷ್ಟನ್ನು ದಡದಲ್ಲೇ ಮುಗಿಸಬೇಕು. ಆಮೇಲೆ 2 ಮಿಲಿಲೀಟರ್ ಗಂಧಕಾಮ್ಲದಲ್ಲಿ ಗಸಿ ಕರಗಿಸಿ, ಸುಮಾರು 200 ಮಿಲಿಲೀಟರ್ ತೆಗೆದುಕೊಂಡು, 0.025 ನಾರ್ಮಲ್ ಥಯೋಸಲ್ಫೇಟ್‌ನಿಂದ ಟೈಟ್ರೇಟ್ ಮಾಡಿದರೆ, ಅಂದರೆ ಬಣ್ಣ ಹೋಗುವವರೆಗೆ ಹನಿಹನಿಯಾಗಿ ಹಾಕಿದರೆ, ಖರ್ಚಾದ ಪ್ರತಿ ಮಿಲಿಲೀಟರಿಗೆ ಲೀಟರಿಗೆ 1 ಮಿಲಿಗ್ರಾಂ ಆಮ್ಲಜನಕ. ಅಝೈಡ್ ಬಿಟ್ಟರೆ ಕೊಳಚೆ ಸೇರಿದ ನೀರಿನ ನೈಟ್ರೈಟ್ ಸುಳ್ಳು ಆಮ್ಲಜನಕ ತೋರಿಸುತ್ತದೆ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಅಝೈಡ್ ವಿಷ, ಉಳಿದದ್ದನ್ನು ಕೆರೆಗೆ ಚೆಲ್ಲಬೇಡಿ.

ಆಮ್ಲಜನಕ 3ಕ್ಕಿಂತ ಕೆಳಗಿಳಿದರೆ ಕಾಟ್ಲಾ, ರೋಹು ಮೇಲೆ ಬಂದು ಬಾಯಿ ತೆರೆಯುತ್ತವೆ. ಮೋಡ ಕವಿದ ದಿನಗಳ ನಂತರ, ಅಥವಾ ಮೇ ತಿಂಗಳ ಮೊದಲ ಮಳೆ ಚರಂಡಿ ತೊಳೆದು ತಂದ ಮರುದಿನ ಮೀನು ರಾಶಿ ಬೀಳುವುದು ಬಹುಪಾಲು ಇದರಿಂದಲೇ. ಯಾರೋ ವಿಷ ಹಾಕಿದರು ಎಂಬ ಜಗಳಕ್ಕೆ ಮುನ್ನ ನಸುಕಿನ ಆಮ್ಲಜನಕ ನೋಡಿ. ಗಾಳಿಯನ್ನೇ ಉಸಿರಾಡಬಲ್ಲ ಕೊರಮೀನು, ಚೇಳುಮೀನು ಬದುಕುಳಿದಿದ್ದರೆ ಆಮ್ಲಜನಕದ ಕೊರತೆಯೇ ಕಾರಣ ಎಂಬ ಅನುಮಾನ ಇನ್ನೂ ಗಟ್ಟಿ. ಇನ್ನೊಂದು ಕಾರಣ ಅಮೋನಿಯಾ: 25 ಡಿಗ್ರಿಯಲ್ಲಿ ಪಿಎಚ್ 7 ಇದ್ದಾಗ ಅದರ ವಿಷರೂಪ ಶೇ. 1ಕ್ಕೂ ಕಡಿಮೆ, ಪಿಎಚ್ 9 ಆದರೆ ಮೂರನೇ ಒಂದು ಪಾಲು ದಾಟುತ್ತದೆ. ದಟ್ಟ ಹಸಿರು ಕೆರೆಯ ಪಿಎಚ್ ಮಧ್ಯಾಹ್ನ 9ಕ್ಕೇರುವುದು ಮಾಮೂಲು.

2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಅಂತರ್ಜಲಕ್ಕೆ ಇದರಿಂದ ಬಲ ಬಂದಿರುವುದನ್ನು ರೈತರು ಬಲ್ಲರು, ಅದನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಎರಡನೇ ಹಂತದ ಸಂಸ್ಕರಣೆಯಲ್ಲಿ ಸಾರಜನಕ, ರಂಜಕ ಸಾಕಷ್ಟು ಉಳಿಯುತ್ತವೆ. ಜೊತೆಗೆ ಕೆರೆ ಒಣಗುವುದೇ ನಿಂತರೆ ಲೆಕ್ಕ ತಲೆಕೆಳಗಾಗುತ್ತದೆ. ಜಿಲೇಬಿ ಮೀನು ಮೊಟ್ಟೆ ಮರಿಗಳನ್ನು ಬಾಯಲ್ಲಿಟ್ಟು ಸಾಕುವುದರಿಂದ ನೀರಿದ್ದಷ್ಟು ಕಾಲ ಹೆಚ್ಚುತ್ತಲೇ ಇರುತ್ತದೆ, ಹಿಂದೆ ಬೇಸಿಗೆ ಅದನ್ನು ತಡೆಯುತ್ತಿತ್ತು. ನೀರು ಸ್ವಲ್ಪ ಸರಿದಾಗ ಅಂಚಿನ ಕೆಸರಲ್ಲಿ ಬೋಗುಣಿಯಾಕಾರದ ಗುಂಡಿಗಳು ಒತ್ತೊತ್ತಾಗಿ ಕಂಡರೆ ಅವು ಅದರ ಗೂಡುಗಳು. ವಾಟರ್ ಹಯಸಿಂತ್ ಎಂಬ ತೇಲುವ ಕಳೆ ಇಂಥ ನೀರಲ್ಲಿ ಎರಡು ವಾರದಲ್ಲಿ ಇಮ್ಮಡಿಯಾಗಬಲ್ಲದು, ಹಾಸಿನಡಿ ಆಮ್ಲಜನಕ ಸೊನ್ನೆಯ ಹತ್ತಿರ. ಹೂ ಬಿಡುವ ಮೊದಲೇ, ನೀರು ಒಳಬರುವ ಕಾಲುವೆಯ ಕಡೆಯಿಂದ ಕೀಳಿಸಿ. ಬೀಜ ಕೆಸರಲ್ಲಿ ಹತ್ತಾರು ವರ್ಷ ಉಳಿಯುತ್ತದೆ. ಕಿತ್ತದ್ದನ್ನು ಅಂಚಲ್ಲೇ ರಾಶಿ ಹಾಕಿದರೆ ಕೊಳೆತ ರಸವೆಲ್ಲ ಮತ್ತೆ ಕೆರೆಗೇ.

ಹಕ್ಕಿಗಳು ಆಳವನ್ನೇ ಹೇಳುತ್ತವೆ. ಗುಳುಮುಳುಕ, ನೀರುಕಾಗೆ ತುಂಬಿದ ನೀರಿನವು. ಮೆಟ್ಟುಗಾಲು ಹಕ್ಕಿ, ಬಣ್ಣದ ಕೊಕ್ಕರೆಗೆ ಕಾಲು ಊರುವಷ್ಟೇ ನೀರು ಬೇಕು. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಹುಣಸೆಮರಗಳ ಮೇಲೆ ಗೂಡುಕಟ್ಟುವ ಕೊಕ್ಕರೆಗಳು ಮರಿಗಳಿಗೆ ಮೀನು ಹುಡುಕುವುದು ಸುತ್ತಲಿನ ಇಂಥ ತೆಳುನೀರಿನ ಅಂಚುಗಳಲ್ಲೇ.

ಹಾಗಾಗಿ ಹೂಳೆತ್ತುವಾಗ ಪಂಚಾಯಿತಿಗಳಿಗೆ ನಾನು ಕೇಳುವುದಿಷ್ಟು: ಇಡೀ ಅಂಗಳವನ್ನು ಒಂದೇ ವರ್ಷ ಕೆರೆಯಬೇಡಿ, ಕಾಲುಭಾಗವಾದರೂ ಮುಟ್ಟದೆ ಬಿಡಿ, ಅಲ್ಲಿಂದ ಮೊಟ್ಟೆ, ಬೀಜ ಉಳಿದ ಕಡೆಗೆ ಹರಡುತ್ತವೆ. ಅಂಚನ್ನು ಬಾವಿಯಂತೆ ಕಡಿದಾಗಿ ಕತ್ತರಿಸದೆ ಇಳಿಜಾರು ಉಳಿಸಿ. ತಳದ ಜೇಡಿಪದರ ಸಿಕ್ಕ ಕೂಡಲೇ ಜೆಸಿಬಿ ನಿಲ್ಲಿಸಿ.

ದಾಖಲೆಗೆ ದೊಡ್ಡ ಪುಸ್ತಕ ಬೇಡ. ದಿನಾಂಕ, ಗಂಟೆ, ಮೋಡವೋ ಬಿಸಿಲೋ, ಸೆಕ್ಕಿ ಆಳ, ನಸುಕಿನ ಮತ್ತು ಮಧ್ಯಾಹ್ನದ ಆಮ್ಲಜನಕ, ತಟ್ಟೆಯಲ್ಲಿ ಸಿಕ್ಕ ಕುಟುಂಬಗಳು, ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ನಿಂತು ಬರೆದರೆ ಸಾಕು. ಫೋಟೊ ತೆಗೆಯುವಾಗ ತೂಬಿನ ಕಲ್ಲುಕಂಬ ಚೌಕಟ್ಟಿನೊಳಗೆ ಬರಲಿ. ನೀರಿನ ಮಟ್ಟ ಎಷ್ಟಿತ್ತು ಎಂಬುದನ್ನು ಮುಂದಿನ ವರ್ಷ ಆ ಕಂಬದ ಮೇಲೇ ಅಳೆಯಬಹುದು.