ವಿಶೇಷ ಮಗು, ಮಾಮೂಲಿ ಶಾಲೆ: ಟೀಚರ್ ಜೊತೆ ಕೈಜೋಡಿಸುವುದು ಹೇಗೆ?

ಬುದ್ಧಿಬೆಳವಣಿಗೆ ನಿಧಾನವಿರುವ, ಆಟಿಸಂ ಇರುವ ಅಥವಾ ಕಿವಿ ಸರಿಯಾಗಿ ಕೇಳಿಸದ ಮಗುವನ್ನು ಊರಿನ ಶಾಲೆಗೆ ಸೇರಿಸಿದ ಅಪ್ಪ ಅಮ್ಮನಿಗೆ ಒಂದೇ ಚಿಂತೆ: ಇಷ್ಟು ಮಕ್ಕಳ ನಡುವೆ ನಮ್ಮ ಮಗುವನ್ನು ಯಾರು ನೋಡ್ಕೋತಾರೆ? ಟೀಚರ್‌ಗೂ ಒಳಗೊಳಗೇ ಅದೇ ದಿಗಿಲು. ಅದನ್ನು ಕಳೆಯುವ ಕೆಲಸ ನಾವೇ ಶುರು ಮಾಡಬೇಕು.

ಮೊದಲು ಒಂದು ಹಾಳೆಯಲ್ಲಿ ಮಗುವಿನ ಬಗ್ಗೆ ಬರೆಯಿರಿ. ತೊಂದರೆಯ ಹೆಸರು, ಪರ್ಸೆಂಟೇಜು ಎಲ್ಲ ಸರ್ಟಿಫಿಕೇಟಿನಲ್ಲಿ ಇದ್ದೇ ಇರುತ್ತದೆ. ಟೀಚರ್‌ಗೆ ಬೇಕಾದದ್ದು ದಿನದ ಸಂಗತಿ. ‘ಮಾತು ಬರಲ್ಲ’ ಎಂದರೆ ಅವರು ಏನು ಮಾಡಿಯಾರು? ‘ನೀರು ಬೇಕಾದರೆ ಬಾಟಲಿ ತಟ್ಟುತ್ತಾಳೆ, ಒಂದಕ್ಕೆ ಬಂದರೆ ಲಂಗ ಹಿಡ್ಕೊಂಡು ನಿಲ್ಲುತ್ತಾಳೆ’ ಎಂದು ಬರೆದರೆ ಅಂದೇ ಉಪಯೋಗಕ್ಕೆ ಬರುತ್ತದೆ. ‘ಬಿಸಿಯೂಟದ ತಟ್ಟೆಗಳ ಸದ್ದಿಗೆ ಕಿವಿ ಮುಚ್ಚಿಕೊಂಡು ಓಡುತ್ತಾನೆ, ಸಾಲಿನ ಕೊನೆಗೆ ಕೂರಿಸಿದರೆ ಊಟ ಮಾಡುತ್ತಾನೆ’ ಎನ್ನುವುದೂ ಹಾಗೆಯೇ. ಅಳು ಬಂದಾಗ ಯಾವುದಕ್ಕೆ ಸಮಾಧಾನ ಆಗುತ್ತದೆ, ಯಾವ ಆಟ ಇಷ್ಟ, ಫಿಟ್ಸ್ ಬಂದರೆ ಏನು ಮಾಡಬೇಕು, ಇದೆಲ್ಲ ಇರಲಿ. ಮಗುವಿಗೆ ಏನು ಬರುತ್ತದೆ ಅನ್ನೋದನ್ನ ಮೇಲೇ ಬರೆಯಿರಿ. ಟೀಚರ್ ಅದನ್ನೇ ಮೊದಲು ಓದಲಿ.

ಈ ಹಾಳೆಯನ್ನು ಬೆಳಗ್ಗೆ ಬೆಲ್ ಹೊಡೆಯುವ ಹೊತ್ತಿಗೆ ಗೇಟಿನಲ್ಲಿ ಕೊಡಬೇಡಿ. ಸಮಯ ಕೇಳಿ, ಕೂತು ಮಾತಾಡಿ. ಒಂದು ಸಲಕ್ಕೆ ಒಂದೇ ಬೇಡಿಕೆ ಇಡಿ: ಮುಂದಿನ ಸಾಲಿನಲ್ಲಿ ಜಾಗ, ಇಲ್ಲವೇ ಹತ್ತು ಲೆಕ್ಕದ ಬದಲು ನಾಲ್ಕು. ಎರಡು ವಾರ ಬಿಟ್ಟು ಹೇಗಾಯ್ತು ಎಂದು ವಿಚಾರಿಸಿ. ಒಳ್ಳೆಯದಾದರೆ ಬಾಯಿಬಿಟ್ಟು ಹೇಳಿ. ದೂರು ಹೇಳುವವರು ಜಾಸ್ತಿ, ಅಲ್ವಾ?

ಎಲ್ಲವನ್ನೂ ತರಗತಿ ಟೀಚರ್ ಒಬ್ಬರ ತಲೆಗೇ ಕಟ್ಟುವುದು ಸರಿಯಲ್ಲ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇಂಥ ಮಕ್ಕಳಿಗೆಂದೇ ತರಬೇತಾದ ಬಿಐಇಆರ್‌ಟಿ ಶಿಕ್ಷಕರು ಇರುತ್ತಾರೆ. ಜಗಳೂರಾಗಲಿ, ಚನ್ನಗಿರಿಯಾಗಲಿ, ನಿಮ್ಮ ತಾಲ್ಲೂಕಿನ ಬಿಆರ್‌ಸಿ (ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರ) ಕಚೇರಿಯಲ್ಲಿ ವಿಚಾರಿಸಿ, ಅವರನ್ನೂ ಮಾತುಕತೆಗೆ ಕರೆಸುವಂತೆ ಮುಖ್ಯ ಶಿಕ್ಷಕರನ್ನು ಕೇಳಿ. ಶಾಲೆಗೆ ಬರಲಾಗದಷ್ಟು ತೊಂದರೆ ಇರುವ ಮಗುವಿಗೆ ಮನೆಯಲ್ಲೇ ಕಲಿಸುವ ಗೃಹಾಧಾರಿತ ಶಿಕ್ಷಣವೂ ಇದೆ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇನ್ನೂ ಆಗಿಲ್ಲವೇ? ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ.

‘ನಮ್ಮಲ್ಲಿ ಆಗಲ್ಲ, ಬೇರೆ ಕಡೆ ನೋಡಿ’ ಎಂದರೆ ಸುಮ್ನೆ ವಾಪಸ್ ಬರಬೇಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ತೊಂದರೆಗಳನ್ನು ಪಟ್ಟಿ ಮಾಡಿದೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳು ಭೇದ ಮಾಡದೆ ಸೇರಿಸಿಕೊಳ್ಳಬೇಕು ಎನ್ನುತ್ತದೆ. ಶೇ 40 ಅಥವಾ ಅದಕ್ಕಿಂತ ಹೆಚ್ಚು ತೊಂದರೆ ಇರುವ 6ರಿಂದ 18 ವರ್ಷದ ಮಕ್ಕಳಿಗೆ ಹತ್ತಿರದ ಶಾಲೆಯಲ್ಲಾಗಲಿ, ತಮಗೆ ಬೇಕಾದ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಓದುವ ಹಕ್ಕಿದೆ. ಸೀಟು ಇಲ್ಲ ಎನ್ನುವ ಕಾರಣವನ್ನು ಬರಹದಲ್ಲಿ ಕೇಳಿ. ಕೊಡದಿದ್ದರೆ ಬಿಇಒ ಕಚೇರಿಗೆ ಅರ್ಜಿ ಕೊಟ್ಟು, ಸೀಲು ಹಾಕಿಸಿದ ಪ್ರತಿ ಇಟ್ಟುಕೊಳ್ಳಿ.

ಮಗು ಎಂಟು, ಒಂಬತ್ತನೇ ತರಗತಿಗೆ ಬಂದಿದ್ದರೆ ಎಸ್ಸೆಸ್ಸೆಲ್ಸಿ ಮಾತು ಈಗಲೇ ಎತ್ತಿ. ಪರೀಕ್ಷೆಗೆ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಬೇಕಿದ್ದರೆ ವೈದ್ಯಕೀಯ ದಾಖಲೆ ಸಮೇತ ಕೋರಿಕೆ ಶಾಲೆಯ ಮೂಲಕ ಹೋಗಬೇಕು. ಬರೆಯುವವರಿಗೆ ಹೇಳಿ ಬರೆಸುವುದೂ ರೂಢಿ ಆಗಬೇಕಾದ ಕೆಲಸ. ಹಾಗಾಗಿ ಕಿರುಪರೀಕ್ಷೆಗಳಲ್ಲೇ ಅಭ್ಯಾಸ ಮಾಡಿಸುವಂತೆ ಟೀಚರ್‌ಗೆ ಹೇಳಿ.